ನಿಂಗಣ್ಣನ ಸಂದಿಲ್ಲದ ಬಚ್ಚಲು

ಹುನಗುಂದದ ಗೌಂಡಿ ನಿಂಗಣ್ಣನ ಕೈಗೆ ಗಾರೆ ಮೆತ್ತುವ ಥಾಪಿ ಬಂತೆಂದರೆ ಬಾಯಿಗೆ ತಡೆಯೇ ಇರುತ್ತಿರಲಿಲ್ಲ. "ಸಂದಿದ್ದರ ಪಾಚಿ, ಪಾಚಿ ಇದ್ದರ ಜಾರಿಕಿ, ಜಾರಿದರ ದವಾಖಾನಿ. ಸಂದss ಇಲ್ಲದಂಗ ಮಾಡಿಕೊಡ್ತೇನಿ, ಡಾಕ್ಟರ್ ಉಪಾಸ ಬೀಳಬೇಕು!" ಎಂದು ಮನೆ ಕಟ್ಟಿಸುವವರ ಎದುರು ತೊಡೆ ತಟ್ಟುತ್ತಿದ್ದ.

ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ಬಾಗಲಕೋಟೆಯ ನವನಗರದಲ್ಲಿ ಎತ್ತ ನೋಡಿದರೂ ಹೊಸ ಮನೆ ಏಳುತ್ತಿದ್ದ ಕಾಲ. ಬಚ್ಚಲಿಗೆ ಫರಸಿ ಕಲ್ಲು ಹಾಸುವುದು ಎಲ್ಲರ ರೂಢಿ. ನಿಂಗಣ್ಣನಿಗೆ ಕಲ್ಲೆಂದರೆ ಆಗದು. ಸಿಮೆಂಟಿಗೆ ಕೆಂಪು ಆಕ್ಸೈಡ್ ಪುಡಿ ಕಲೆಸಿ, ಗಂಜಿಯ ಹದಕ್ಕೆ ತಂದು, ಹಸಿ ಗಿಲಾವಿನ ಮೇಲೆ ತೆಳ್ಳಗೆ ಎಳೆಯುವನು. ಗೋಡೆಯಿಂದ ಶುರು ಮಾಡಿ, ಮೂಲೆಯಲ್ಲಿ ಗುಂಡಗೆ ತಿರುಗಿಸಿ ನೆಲಕ್ಕಿಳಿಸಿ, ಹೊಳಪು ಬರುವ ತನಕ ಒಂದೇ ಸಮನೆ ತಿಕ್ಕುವನು. ನಡುವೆ ಚಹಾ ಇಲ್ಲ, ಎಲೆ-ಅಡಿಕೆ ಇಲ್ಲ. ಕೈ ನಿಂತಲ್ಲಿ ಗೆರೆ ಬೀಳುತ್ತದೆ, ಗೆರೆ ಬಿದ್ದರೆ ಮಾನ ಹೋಯಿತು. ಕೆಲಸ ಮುಗಿದ ಮೇಲೆ ಮನೆ ಯಜಮಾನನ ಕಣ್ಣು ಮುಚ್ಚಿಸಿ, ಉಗುರಿನಿಂದ ಗೋಡೆ ಗೀರಿಸಿ, "ಎಲ್ಲೆರ ತಡೀತೇನ್ರಿ?" ಎಂದು ಕೇಳುವನು. ಎಲ್ಲೂ ತಡೆಯುತ್ತಿರಲಿಲ್ಲ ಅನ್ನುವುದು ಖರೆ.

ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ನಿಂಗಣ್ಣ ಅದೇ ಜಾತಿ. ಅವನ ಹೆಂಡತಿ ಸಕ್ರವ್ವ ಲಗ್ನವಾಗಿ ಬಂದಾಗಿನಿಂದ ಹಿತ್ತಲಿನಲ್ಲಿ ಎರಡು ಗೂಟಕ್ಕೆ ಹಳೇ ಸೀರೆ ಕಟ್ಟಿಕೊಂಡು, ಹೊತ್ತು ಹುಟ್ಟುವ ಮೊದಲು, ಗಡಿಬಿಡಿಯಲ್ಲಿ ಎರಡು ಚರಗಿ ನೀರು ಸುರಿದುಕೊಂಡು ಏಳುತ್ತಿದ್ದಳು.

"ನಮಗೂ ಒಂದ ಬಚ್ಚಲಾ ಮಾಡ್ರಿ" ಅಂದರೆ, "ನಮ್ಮದಂದ್ರ ಸಾದಾ ಮಾಡಾಕ ಬರತೈತೇನ? ಊರಿಗೂರss ಬಂದು ನೋಡುವಂಗ ಆಗಬೇಕು. ಮುಂದಿನ ಬ್ಯಾಸಗಿ ಬರ್ಲಿ" ಅನ್ನುವನು.

"ಊರವರು ನೋಡಬಾರದಂತನss ನಾ ಬಚ್ಚಲಾ ಕೇಳಾಕತ್ತೇನ್ರೀ!" ಎಂದು ಆಕೆ ಹಣೆ ಬಡಿದುಕೊಳ್ಳುವಳು. ಬೇಸಿಗೆಗಳು ಬಂದವು, ಹೋದವು.

ಒಂದು ಮುಂಜಾನೆ ಪಕ್ಕದ ಮನೆ ರಂಗವ್ವನ ಎಮ್ಮೆ ಕಣ್ಣಿ ಕಿತ್ತುಕೊಂಡು ಬಂದು, ಆ ಸೀರೆಯನ್ನು ಕೋಡಿಗೆ ಸಿಕ್ಕಿಸಿಕೊಂಡು ಗೂಟ ಸಮೇತ ಓಣಿಗೆ ಇಳಿಯಿತು. ಸಕ್ರವ್ವ ಹಂಡೆಯ ಹಿಂದೆ ಮುದುಡಿ ಕೂತಳು. ರಂಗವ್ವ ಇನ್ನೊಂದು ಸೀರೆ ಹಿಡಿದು ಓಡಿ ಬರುವಷ್ಟರಲ್ಲಿ ಆಕೆಯ ಜೀವ ಬಾಯಿಗೆ ಬಂದಿತ್ತು. ಎಮ್ಮೆ ಮಾತ್ರ ತಲೆಯ ಮೇಲೆ ಸೆರಗು ಹೊದ್ದು ಗಂಭೀರವಾಗಿ ಬಸ್ ಸ್ಟ್ಯಾಂಡಿನ ತನಕ ಹೋಗಿ ಬಂತು. ಓಣಿಯವರು ಬಿದ್ದು ಬಿದ್ದು ನಕ್ಕರು. ಸಕ್ರವ್ವನಿಗೆ ನಗು ಬರಲಿಲ್ಲ, ಅಳು ಬಂತು.

"ಕದಾ ಹಾಕ್ಕೊಂಡು ಜಳಕಾ ಮಾಡೂವಂಗ ಆದಾಗ ಹೇಳಿ ಕಳಸ್ರಿ. ಅಲ್ಲೀತನಾ ನಾ ಬೇವೂರಾಗ ಇರ್ತೇನಿ" ಅಂದವಳೇ ಚೀಲ ಎತ್ತಿಕೊಂಡು ತವರಿನ ಬಸ್ಸು ಹತ್ತಿದಳು.

ಮೊದಮೊದಲು ನಿಂಗಣ್ಣ ಮೀಸೆ ತಿರುವಿದ. ತಾನೇ ಬಡಿದ ರೊಟ್ಟಿ ಕರ್ನಾಟಕದ ನಕ್ಷೆಯಾಗಿ ಏಳತೊಡಗಿದ ಮೇಲೆ ಮೀಸೆ ಇಳಿಯಿತು. ರೊಟ್ಟಿಯ ಮಾತು ಅತ್ತ ಇರಲಿ, ಸಂಜೆ ಮನೆಗೆ ಬಂದರೆ ಬೈಯಲಿಕ್ಕೂ ಒಂದು ದನಿ ಇಲ್ಲ. ಅದು ಅವನ ಎದೆಗೇ ನಾಟಿತು. ಹಿಡಿದ ಕೆಲಸಗಳನ್ನೆಲ್ಲ ಬಿಟ್ಟು ಹಿತ್ತಲಿನಲ್ಲಿ ನಾಲ್ಕು ಗೋಡೆ ಎಬ್ಬಿಸಿದ. ಗೆಳೆಯ ಜಲಾಲುದ್ದೀನ ಬಡಗಿ, ಬೇವಿನ ಹಲಗೆಯ ಗಟ್ಟಿ ಕದ ಕೂರಿಸಿ, ಒಳಗಿನಿಂದ ಅಗಳಿಯನ್ನೂ ಹಚ್ಚಿಕೊಟ್ಟ.

ಆಮೇಲೆ ನಿಂಗಣ್ಣ ಒಳಹೊಕ್ಕ. ಸಿಮೆಂಟು ಬೀಳದಿರಲೆಂದು ನೀರು ಹೋಗುವ ತೂತಿಗೆ ಅರಿವೆ ತುರುಕಿ, ಗೋಡೆಗೆ ಕೈ ಹಚ್ಚಿದ. ಏನು ಹುರುಪು, ಏನು ಹುರುಪು! ಸಕ್ರವ್ವ ಬಂದು ಬೆರಗಾಗಿ ನಿಲ್ಲುವುದೇ ಕಣ್ಣ ಮುಂದೆ. ತಿಕ್ಕಿದ, ತಿಕ್ಕಿದ, ಹೊತ್ತು ಮುಳುಗುವ ತನಕ ತಿಕ್ಕಿದ. ಮರುದಿನದಿಂದ ನೆಲ ಗಟ್ಟಿಯಾಗಲೆಂದು ನೀರು ನಿಲ್ಲಿಸಿದ. "ನೋಡಲೇ ಜಲಾಲ, ಹನಿ ನೀರು ಹೊರಗ ಹೋಗಿಲ್ಲ! ಇದಕ್ಕಂತಾರ ಕೆಲಸ!" ಎಂದು ಹಿಗ್ಗಿದ. ಕೊನೆಗೆ ನೀರನ್ನು ಡಬ್ಬಿಯಿಂದ ತೋಡಿ ಚೆಲ್ಲಿ, ಕೊಬ್ಬರಿ ಎಣ್ಣೆ ಸವರಿ, ಬೇವೂರಿಗೆ ಹೇಳಿ ಕಳಿಸಿದ.

ಸಕ್ರವ್ವ ಬಂದಳು. ಕದ ತೆರೆದು ಹಾಕಿ, ಹಾಕಿ ತೆರೆದು ನೋಡಿದಳು. ಅಗಳಿಯ ಮೇಲೆ ಬೆರಳಾಡಿಸಿದಳು. ಮುಖ ಅರಳಿತು. "ಗ್ವಾಡಿ ನೋಡ, ಗ್ವಾಡಿ! ಕಣ್ಣ ಮುಚ್ಚಿ ಉಗರಲೆ ಗೀರು!" ಎಂದು ನಿಂಗಣ್ಣ ಕುಣಿದರೆ, "ಆತು ಬಿಡ್ರಿ, ಚಂದಾಗೇತಿ. ನೀರು ಕಾದೈತೇನ?" ಅಂದಳು.

ಹಂಡೆಯಿಂದ ಬಿಸಿನೀರು ಒಳಗೆ ಹೋಯಿತು. ಆಕೆ ಮೊದಲು ಕಾಲು ತೊಳೆದುಕೊಂಡಳು. ನೀರು ಹಿಂದಿನ ಗೋಡೆಗುಂಟ ಹರಿದು ನಿಂತಿತು. ಇನ್ನೆರಡು ಚರಗಿ ಸುರಿದಳು. ಪಾದ ಮುಳುಗಿತು.

"ರೀ, ನೀರು ಹೋಗಾಕ ತೂತ ಎಲ್ಲೈತ್ರಿ?"

ನಿಂಗಣ್ಣ ಒಳಗೆ ಬಂದು ನೋಡಿದ. ತೂತಿಲ್ಲ. ಹುರುಪಿನಲ್ಲಿ ಅರಿವೆಯ ಮೇಲೆಯೇ ಮೆತ್ತಿ, ತಿಕ್ಕಿ, ಹೊಳಪು ಕೊಟ್ಟುಬಿಟ್ಟಿದ್ದ! ಕೊಳವೆ ನೆಲದಡಿಯಿಂದ ಗಟಾರಕ್ಕೆ ಹೋಗಿತ್ತು, ಹೊರಗಿನಿಂದ ಗುರುತು ಸಿಗುವಂತಿರಲಿಲ್ಲ. ಎಡಮೂಲೆಯೋ ಬಲಮೂಲೆಯೋ? ನವನಗರದಲ್ಲಿ ಮಾಡಿಕೊಟ್ಟ ಮನೆಯಲ್ಲಿ ಎಡಕ್ಕೆ, ಇಳಕಲ್ಲಿನ ಮನೆಯಲ್ಲಿ ಬಲಕ್ಕೆ. ತನ್ನ ಮನೆಯಲ್ಲಿ ಎಲ್ಲಿ? ಕಣ್ಣು ಮುಚ್ಚಿ ಉಗುರಿನಿಂದ ಗೀರಿಸಿದ. ಎಲ್ಲೂ ತಡೆಯಲಿಲ್ಲ. ಹಾಳು ಕೈ, ಅಷ್ಟು ಚೆನ್ನಾಗಿ ಮಾಡಿತ್ತು.

ಸದ್ದು ಕೇಳಿ ರಂಗವ್ವ ಬಂದಳು, ಜಲಾಲುದ್ದೀನನೂ ಬಂದ. "ಬಚ್ಚಲಾ ಎಲ್ಲೈತಪಾ, ಇದು ನೀರು ತುಂಬೂ ಹೌದs ಆಗೇತಿ" ಎಂದ ಜಲಾಲುದ್ದೀನ. "ನಮ್ಮ ಎಮ್ಮಿಗೆ ನೀರು ಕುಡಿಸಾಕ ಬರತೈತಿ" ಎಂದು ರಂಗವ್ವ ಸೇರಿಸಿದಳು.

"ಒಡಿಯೂದು ಆಗಂಗಿಲ್ಲ" ಎಂದ ನಿಂಗಣ್ಣ ಹಟದಿಂದ. "ಇಂಥಾದ್ದು ಇನ್ನೊಮ್ಮಿ ಕೈಯಾಗ ಬರಂಗಿಲ್ಲ. ಸಕ್ರೂ, ಜಳಕಾ ಆದಮ್ಯಾಲ ಡಬ್ಬಿಲೆ ನೀರು ತೋಡಿ ಹೊರಗ ಚೆಲ್ಲಿದ್ರ ಆತಲ್ಲ?"

ಸಕ್ರವ್ವ ಕೂಗಾಡಲಿಲ್ಲ. ಒದ್ದೆ ಕಾಲಲ್ಲೇ ಹೊರಗೆ ಬಂದು, ಇನ್ನೂ ಬಿಚ್ಚಿರದ ಚೀಲ ಎತ್ತಿಕೊಂಡಳು. "ಬೇವೂರ ಬಸ್ಸು ಹೋಗಿರಾಕಿಲ್ಲಲ್ಲ, ರಂಗಕ್ಕಾ?"

ನಿಂಗಣ್ಣ ನೆಲ ನೋಡಿದ, ಹೆಂಡತಿಯನ್ನು ನೋಡಿದ. ಈ ಸಲ ಹೋದರೆ ಆಕೆ ಬರುವುದಿಲ್ಲ ಎಂದು ಮುಖವೇ ಹೇಳುತ್ತಿತ್ತು. ಉಳಿ, ಸುತ್ತಿಗೆ ಹಿಡಿದು ಒಳಗೆ ಹೋದ. ಮೊದಲ ಪೆಟ್ಟಿಗೆ ಅವನ ಕಣ್ಣಲ್ಲೇ ನೀರು ಬಂತು. ಎಡಮೂಲೆ ಒಡೆದ, ಬರೀ ಮಣ್ಣು. ಬಲಮೂಲೆ ಒಡೆದ, ಅಲ್ಲೂ ಮಣ್ಣು. "ಲೇ, ನಡುವ ನೋಡು" ಎಂದ ಜಲಾಲುದ್ದೀನ. ಎರಡೂ ಮೂಲೆಗಳ ನಟ್ಟನಡುವೆ ಒಡೆದಾಗ ಅರಿವೆ ಸಿಕ್ಕಿತು. ಎಳೆದ ಕೂಡಲೇ ನಿಂತ ನೀರೆಲ್ಲ ಗುಳುಗುಳು ಎಂದು ಇಳಿದು ಹೋಯಿತು.

ಮೂರು ಕಡೆ ಬಾಯಿಬಿಟ್ಟ ನೆಲದ ಮೇಲೆ ನಿಂಗಣ್ಣ ಕೈಯಾಡಿಸಿದ. "ಒಂದೆಂಟ ದಿನ ತಡಿ ಸಕ್ರೂ. ಎಲ್ಲಾ ಕಿತ್ತು ಹೊಸದಾಗಿ ಮಾಡ್ತೇನಿ. ಒಂದ ಗೆರಿ ಸೈತ ಕಾಣದಂಗ..."

"ಮೊದಲ ಹೊರಗ ಬರ್ರಿ."

ಅವನು ಹೊರಗೆ ಬಂದ. ಸಕ್ರವ್ವ ಒಳಗೆ ಹೋಗಿ ಅವನ ಮುಖದ ಮೇಲೆಯೇ ಕದ ಹಾಕಿದಳು. ಅಗಳಿ ಬಿದ್ದ ಸದ್ದು ಕೇಳಿಸಿತು.

ಚರಗಿಯ ಮೇಲೆ ಚರಗಿ ನೀರು ಬೀಳತೊಡಗಿತು. ರಂಗವ್ವ ಹೋದಳು, ಜಲಾಲುದ್ದೀನ ಹೋದ. ಬಿಸಿಲು ನೆತ್ತಿಗೇರಿತು. ಒಳಗೆ ಗುನುಗು ಕೇಳಿಸಿತು. ಹೆಂಡತಿಗೆ ಹಾಡು ಬರುತ್ತದೆ ಎಂಬುದೇ ನಿಂಗಣ್ಣನಿಗೆ ಗೊತ್ತಿರಲಿಲ್ಲ. ಬಹಳ ಹೊತ್ತು ಕಾದು, ಕೊನೆಗೆ ತಡೆಯಲಾರದೆ ಕದ ಬಡಿದ.

"ಇನ್ನೂ ಎಷ್ಟೊತ್ತs?"

"ಲಗ್ನಾದಾಗಿಂದ ಬಾಕಿ ಉಳದ ಜಳಕ ಐತ್ರಿ" ಎಂದಿತು ಒಳಗಿನ ದನಿ. "ತಡಾ ಆಗತೈತಿ. ಇನ್ನೊಂದು ಹಂಡೆ ನೀರು ಕಾಯಾಕ ಇಡ್ರಿ."

ನಿಂಗಣ್ಣ ಒಲೆಗೆ ಕಟ್ಟಿಗೆ ಒಟ್ಟಿದ.