ಫಳ್ನೀರ್‌ನ ಬೆಂಕಿಯಲ್ಲಿ ಅಮ್ಮ ನನ್ನ ಮಗಳನ್ನು ಕಾಯ್ದದ್ದು

ನಮ್ಮ ಗುಡಿಯ ಅಮ್ಮನನ್ನು ನಂಬಿದ ನಿಮಗೆಲ್ಲ ಬೆಂಗ್ರೆಯ ದಾಮೋದರನ ನಮಸ್ಕಾರ. ನಾನೇ ಕೂರಿಸಿದ ಶಟರಿನ ಹಿಂದೆ ನನ್ನ ಮಗಳು ಸಾಯುತ್ತಿದ್ದಾಳೆಂದು ನಂಬಿ ಬೀದಿಯಲ್ಲಿ ಕುಸಿದು ಕೂತ ದಿನದ ಸಂಗತಿ ಇದು.

ನಮ್ಮದು ಮೀನುಗಾರರ ಮನೆ. ನಾನು ಮಾತ್ರ ಕಬ್ಬಿಣದ ಕೆಲಸ ಕಲಿತು ಅಂಗಡಿ, ಗೋದಾಮುಗಳಿಗೆ ಶಟರ್ ಕೂರಿಸುತ್ತೇನೆ. ಕಳೆದ ವರ್ಷ ಪೇಟೆಯಲ್ಲಿ, ಫಳ್ನೀರ್‌ನ ಒಂದು ಕಟ್ಟಡದ ಕೆಲಸ ಬಂತು. ಕೆಳಗೆ ಸೋಫಾ, ಹಾಸಿಗೆಯ ಅಂಗಡಿ. ಅದರೊಳಗಿನಿಂದಲೇ ಮೆಟ್ಟಿಲು ಹತ್ತಿದರೆ ಕಣ್ಣಿನ ಕ್ಲಿನಿಕ್. ನನ್ನ ಮಗಳು ಶ್ವೇತಾ ಅಲ್ಲಿ ರಿಸೆಪ್ಷನಿಸ್ಟ್. ಆ ಮೆಟ್ಟಿಲಿನ ಬಾಯಿಗೆ ಶಟರ್ ಬೇಕಿತ್ತು.

“ಸಾದಾ ಶಟರ್ ಆಗುದಿಲ್ವಾ ದಾಮೋದರ?” ಎಂದರು ಕಟ್ಟಡದ ಮಾಲೀಕ ಜಯರಾಮಣ್ಣ.

“ಸಾದಾದ್ದು ಕಳ್ಳರಿಗೆ ಸಾಕು ಅಣ್ಣಾ, ಬೆಂಕಿಗೆ ಆಗುದಿಲ್ಲ. ಬಿಸಿಗೆ ಬಾಗಿ ಎರಡು ಬದಿಯ ಪಟ್ಟಿಯಿಂದ ಹೊರಗೆ ಬರ್ತದೆ. ಬೆಂಕಿಯಲ್ಲಿಟ್ಟು ಪರೀಕ್ಷೆ ಮಾಡಿದ್ದು ಬೇರೆ ಉಂಟು. ಅಲಾರಂ ಕೂಗಿದ್ರೆ ತಾನೇ ಇಳೀತದೆ. ಆದ್ರೆ ಆಗ ಮೇಲಿನವರಿಗೆ ಬೇರೆ ದಾರಿ ಬೇಕು.”

“ಹಿಂದೆ ಮೆಟ್ಟಿಲು ಉಂಟಲ್ಲ ಮಾರಾಯ. ಒಳ್ಳೇದನ್ನೇ ಹಾಕುವ.”

ಪಟ್ಟಿಗಳನ್ನು ಗೋಡೆಗೆ ಬಿಗಿದು, ಸಂದುಗಳಿಗೆ ಬೆಂಕಿ ತಡೆಯುವ ಮಸಾಲೆ ತುಂಬಿದೆ. ಅಲಾರಂ ಒತ್ತಿ ಮತ್ತೆ ಮತ್ತೆ ಇಳಿಸಿ ನೋಡಿದೆ.

ಈ ವರ್ಷ ಸರ್ವೀಸಿಗೆ ಹೋದಾಗ ಹಿಂದಿನ ಮೆಟ್ಟಿಲಿನ ಬಾಗಿಲಿಗೆ ಅಡ್ಡವಾಗಿ ಹಾಸಿಗೆಗಳನ್ನು ಒಟ್ಟಿದ್ದರು. ತೆಗೆಯಿರಿ ಎಂದೆ. “ತೆಗೆಸ್ತೇವೆ” ಎಂದರು ಅಂಗಡಿಯವರು.

ಕೆಲವೇ ದಿನ ಕಳೆದಿತ್ತು. ಮಧ್ಯಾಹ್ನ ಬೆಂಗ್ರೆಯಿಂದ ಹೊಳೆ ದಾಟಿ ಪೇಟೆಗೆ ಬರುವ ದೋಣಿಯಲ್ಲಿದ್ದೆ. ಜಯರಾಮಣ್ಣನ ಫೋನ್ ಬಂತು. “ದಾಮೋದರ, ಅಂಗಡಿಗೆ ಬೆಂಕಿ ಬಿದ್ದಿದೆ. ಬೇಗ ಬಾ.” ಶ್ವೇತಾಗೆ ಕರೆ ಮಾಡಿದೆ. ರಿಂಗ್ ಆಗುತ್ತಲೇ ಇತ್ತು, ಎತ್ತಲಿಲ್ಲ. ದೋಣಿಯಲ್ಲಿ ಓಡಲಿಕ್ಕೂ ಆಗುವುದಿಲ್ಲ.

ರಿಕ್ಷಾ ಇಳಿದಾಗ ಬೀದಿಯೆಲ್ಲ ಕಪ್ಪು ಹೊಗೆ. ಪೊಲೀಸರು ತಡೆದರು.

“ನನ್ನ ಮಗಳು ಉಂಟು ಸಾರ್ ಒಳಗೆ!”

“ಹೋಗ್ಲಿಕ್ಕಿಲ್ಲ. ಹಿಂದೆ ನಿಲ್ಲಿ.”

ಪಕ್ಕದಲ್ಲಿ ಯಾರೋ ಹೇಳುತ್ತಿದ್ದರು: “ಶಟರ್ ಇಳಿದಿದೆಯಂತೆ. ಹಿಂದಿನ ಬಾಗಿಲೂ ತೆಗಿಲಿಕ್ಕೆ ಆಗುದಿಲ್ಲವಂತೆ. ಮೇಲಿನವರೆಲ್ಲ ಅಲ್ಲೇ ಲಾಕ್.”

ಆ ಶಟರಿನ ಒಂದೊಂದು ಬೋಲ್ಟನ್ನೂ ಈ ಕೈಗಳೇ ಬಿಗಿದದ್ದು. ನನಗೆ ಸ್ತೋತ್ರ ನೆನಪಾಗಲಿಲ್ಲ. ನಿಜ ಹೇಳುತ್ತೇನೆ, ಅಮ್ಮನನ್ನು ಬೈದೆ. ಆಮೇಲೆ ಬೇಡಿದೆ: “ಅಮ್ಮಾ, ನಾನು ಹಾಕಿದ್ದನ್ನು ನೀನೇ ಮುರಿದು ಹಾಕು. ಅವಳಿಗೆ ದಾರಿ ಮಾಡು.” ಶಟರ್ ಮುರಿಯಲಿಲ್ಲ. ಅಮ್ಮ ಇಲ್ಲವೇ ಇಲ್ಲ ಎಂದುಕೊಂಡೆ. ಹೆಂಡತಿಗೆ ಏನು ಹೇಳುವುದೆಂದು ಯೋಚಿಸುತ್ತ ಡಾಂಬರಿನ ಮೇಲೆ ಕೂತೆ. ಅಷ್ಟು ಹೊತ್ತಿಗೆ ಶ್ವೇತಾ ಸತ್ತಿದ್ದಾಳೆಂದೇ ನನ್ನ ಮನಸ್ಸು ಒಪ್ಪಿತ್ತು.

“ದಾಮೋದರ, ಹಿಂದೆ ಬಾ!” ಜಯರಾಮಣ್ಣ ಕೂಗುತ್ತಿದ್ದರು.

ಹಿಂದಿನ ಓಣಿಯಲ್ಲಿ ಅಗ್ನಿಶಾಮಕದವರು ಬಾಗಿಲು ಕತ್ತರಿಸಿ, ಒಟ್ಟಿದ್ದ ಹಾಸಿಗೆಗಳನ್ನು ಎಳೆದು ಹಾಕಿ, ಜನರನ್ನು ಒಬ್ಬೊಬ್ಬರಾಗಿ ಇಳಿಸುತ್ತಿದ್ದರು. ಕಣ್ಣಿಗೆ ಬ್ಯಾಂಡೇಜ್ ಕಟ್ಟಿದ್ದ ಅಜ್ಜಿಯ ಕೈ ಹಿಡಿದುಕೊಂಡು, ಕೆಮ್ಮುತ್ತ, ಶ್ವೇತಾ ಬಂದಳು.

ಆಸ್ಪತ್ರೆಯಲ್ಲಿ ಅವಳೇ ಹೇಳಿದಳು. “ಶಟರಿನ ಆಚೆ ಬೆಂಕಿಯ ಸದ್ದು ಕೇಳ್ತಿತ್ತು ಅಪ್ಪಾ. ಹತ್ತಿರ ಹೋಗ್ಲಿಕ್ಕೆ ಆಗದಷ್ಟು ಬಿಸಿ. ಅದೊಂದು ಮುರಿದು ಬಿದ್ದಿದ್ರೆ ನಾವು ಯಾರೂ ಉಳೀತಿರ್ಲಿಲ್ಲ.”

ಮುರಿದು ಬೀಳಲಿ ಎಂದು ನಾನು ಬೇಡಿದ್ದು ಅದನ್ನೇ. ಅಮ್ಮ ನನ್ನ ಮಾತು ಕೇಳದೆ ನನ್ನ ಮಗಳನ್ನು ಉಳಿಸಿಕೊಟ್ಟಿದ್ದಳು.

ಕೆಳಗೆ ಬೆಂಕಿ ಆರಿಸಲು ಹೋದ ಅಂಗಡಿಯ ಸೇಲ್ಸ್‌ಮನ್ ಪ್ರವೀಣ ಮಾತ್ರ ಮೈಯೆಲ್ಲ ಸುಟ್ಟುಕೊಂಡು ಇನ್ನೂ ಐಸಿಯುನಲ್ಲಿದ್ದಾನೆ. ಅವನ ತಾಯಿ ಹೊರಗಿನ ಬೆಂಚಿನಲ್ಲಿರುತ್ತಾರೆ. ಅವರ ಮುಂದೆ ನನ್ನ ಮಗಳ ಮಾತು ಎತ್ತುವುದಿಲ್ಲ. ದಿನಾ ಬೆಳಿಗ್ಗೆ ಗುಡಿಗೆ ಹೋಗುತ್ತೇನೆ. ಹೀಗೆ ಮಾಡು, ಹಾಗೆ ಮಾಡು ಎಂದು ಅಮ್ಮನಿಗೆ ಈಗ ಹೇಳುವುದಿಲ್ಲ. ಪ್ರವೀಣನ ಹೆಸರು ಹೇಳಿ ಕೈ ಮುಗಿದು ಬರುತ್ತೇನೆ. ನೀವೂ ಒಮ್ಮೆ ಅವನ ಹೆಸರು ಹೇಳಿ.