ಹೌಸಿನ ಕುದುರೆ

ಅಪ್ಪನ ಆಟದ ಹೊಲದಲ್ಲಿ ಕೊಳ್ಳುವುದಕ್ಕೆ ಇನ್ನು ಉಳಿದದ್ದು ಒಂದು ಬಿಳಿ ಕುದುರೆ ಮಾತ್ರ. ಗಿರಣಿ ಬಂದಿತ್ತು, ದನದ ಕೊಟ್ಟಿಗೆ ದೊಡ್ಡದಾಗಿತ್ತು, ಹೊಳೆಯಾಚೆಯ ಜಮೀನೂ ಕೈಸೇರಿತ್ತು. ಆಟದ ಅಂಗಡಿಯ ಕೊನೆಯ ಪುಟದಲ್ಲಿ ಕುದುರೆ ಬಾಲ ಬೀಸುತ್ತ ನಿಂತಿತ್ತು. ಅದರ ಬೆಲೆ ಅಪ್ಪ ಅಲ್ಲಿಯವರೆಗೆ ಕೊಂಡ ಎಲ್ಲದರ ಬೆಲೆಯನ್ನೂ ಮೀರಿಸುವಂಥದ್ದು. ಅಷ್ಟು ನಾಣ್ಯ ಆಗಲೇ ಕೂಡಿತ್ತು. ಆದರೂ ಅಪ್ಪ ಕೊಂಡಿರಲಿಲ್ಲ.

ಆಟ ಮೊಬೈಲಿನದು. ಹಿಂದಿನ ವರ್ಷ ಲಕ್ವಾ ಹೊಡೆದು ಅಪ್ಪನ ಬಲಗೈ ಸೋತಿತ್ತು. ಬೆರಳುಗಳಿಗೆ ಕೆಲಸ ಕೊಡುತ್ತಿರಬೇಕು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿ ಕಳಿಸಿದ್ದರು. ರಬ್ಬರ್ ಚೆಂಡು ಹಿಚುಕುವುದು ಅಪ್ಪನಿಗೆ ಹಿಡಿಸಲಿಲ್ಲ. "ಇದರಿಂದ ಏನ್ ಬೆಳೀತೈತಿ?" ಎಂದು ಚೆಂಡನ್ನು ಗೋಡೆಯ ಗೂಡಿನಲ್ಲಿಟ್ಟುಬಿಟ್ಟ. ಆಗ ಅಣ್ಣನ ಹೆಂಡತಿ, ನಮ್ಮ ವೈನಿ, ತನ್ನ ಹಳೆಯ ಮೊಬೈಲಿನಲ್ಲಿ ಈ ಒಕ್ಕಲುತನದ ಆಟ ಹಾಕಿಕೊಟ್ಟಳು. ಬೆರಳು ಎಳೆದರೆ ಬಿತ್ತನೆ, ಮತ್ತೆ ಎಳೆದರೆ ಕೊಯ್ಲು. ಅಪ್ಪ ಅದರಲ್ಲಿ ಗೋವಿನಜೋಳ ಬಿತ್ತಿದ. ದುಂಡಸಿಯ ನಮ್ಮ ಹೊಲದಲ್ಲೂ ಅದೇ ಬೆಳೆ. ಹೊರಗಿನ ಹೊಲವನ್ನು ಅಣ್ಣ ನೋಡಿಕೊಂಡ, ಒಳಗಿನದನ್ನು ಅಪ್ಪ.

ನಾನು ಶಿಗ್ಗಾಂವಿಯಲ್ಲಿದ್ದು ಪತ್ರಿಕೆಯೊಂದಕ್ಕೆ ಸುದ್ದಿ ಬರೆಯುತ್ತೇನೆ. ಭಾನುವಾರ ಬಸ್ಸಿಗೆ ದುಂಡಸಿಗೆ ಹೋದಾಗಲೆಲ್ಲ ಅಪ್ಪನ ಒಳಗಿನ ಹೊಲ ಎಲ್ಲಿಗೆ ಬಂತೆಂದು ನೋಡುತ್ತಿದ್ದೆ. ನಾಣ್ಯ ಏರುತ್ತಲೇ ಇತ್ತು. ಯಾಕೆ ಖರ್ಚು ಮಾಡುವುದಿಲ್ಲ ಎಂದು ಕೇಳಿದರೆ "ಬೀಜಕ್ಕಿರಲಿ" ಎನ್ನುತ್ತಿದ್ದ. ನಮ್ಮ ಮನೆಯಲ್ಲಿ ಅದು ಹಳೆಯ ಮಾತು. ಬೀಜಕ್ಕೆಂದು ತೆಗೆದಿಟ್ಟದ್ದನ್ನು ಯಾರೂ, ಯಾವ ಕಾರಣಕ್ಕೂ ಮುಟ್ಟುವಂತಿರಲಿಲ್ಲ. ಆ ಆಟದಲ್ಲಿ ಬೀಜಕ್ಕೆ ಎಂದೂ ಕೊರತೆಯಾಗುವುದಿಲ್ಲ ಎಂಬುದು ಅಪ್ಪನಿಗೂ ಗೊತ್ತಿತ್ತು.

ಮಳೆಗಾಲದಲ್ಲಿ ಎರಡನೆಯ ಸಲ ಲಕ್ವಾ ತಾಗಿತು. ಸಣ್ಣದೇ, ಆದರೆ ಬೆರಳುಗಳ ಹಿಡಿತ ಇನ್ನಷ್ಟು ಸಡಿಲವಾಯಿತು. ಮತ್ತೊಂದು ಬಂದರೆ ಏನಾಗುತ್ತದೆಂದು ಹೇಳಲಾಗದು ಎಂದು ಡಾಕ್ಟರು ಅಪ್ಪನ ಎದುರಿಗೇ ಹೇಳಿದರು. ಮುಂದಿನ ಭಾನುವಾರ ನಾನು ಹೋದಾಗ ಅಪ್ಪ ಮೊಬೈಲನ್ನು ನನ್ನ ಕಡೆ ಸರಿಸಿದ.

"ಇನ್ನೊಂದು ಬಂದ್ರ ಈ ಕೈ ಇರಂಗಿಲ್ಲ ಯವ್ವಾ. ಕುದುರಿ ತಗೊಳ್ಳೋದಾದ್ರ ಈಗ ತಗೋಬೇಕು," ಎಂದ. ನಾಲಗೆ ತುಸು ತೊಡರುತ್ತಿತ್ತು. "ಪೇಪರ್‌ನಾಕಿ ನೀ. ಅದರ ಕೆಳಗ ಇಂಗ್ಲೀಷಿನ್ಯಾಗ ಏನ್ ಬರದೈತಿ, ಹೆಚ್ಚುಕಮ್ಮಿ ಮಾಡದ ಓದು."

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕುದುರೆ ಅಲಂಕಾರಕ್ಕೆ ಮಾತ್ರ. ಅದರಿಂದ ಯಾವ ಹುಟ್ಟುವಳಿಯೂ ಇಲ್ಲ. ಕೊಂಡ ಮೇಲೆ ಮರಳಿ ಮಾರಲಾಗದು. ದಿನಾ ಕ್ಯಾರೆಟ್ಟು, ನಮ್ಮ ಕಡೆಯ ಗಜ್ಜರಿ, ತಿನ್ನಿಸಬೇಕು.

"ತಿನ್ನಸದಿದ್ರ?"

"ಏನೂ ಆಗಂಗಿಲ್ಲ. ತಲಿ ತಗ್ಗಿಸಿ ನಿಂತಿರತೈತಂತ."

ಅಡುಗೆಮನೆಯ ಬಾಗಿಲಲ್ಲಿದ್ದ ವೈನಿ ಕೇಳಿಸಿಕೊಂಡಳು. "ದುಡೀಲಾರದ ತಿಂದು ನಿಂತಿರೋರು ಈ ಮನ್ಯಾಗ ಆಗಲೇ ಒಬ್ಬರದಾರಲ್ರಿ ಮಾವಾರ, ನಿಮ್ಮ ಮಗ. ಇನ್ನೊಂದು ಯಾಕ?"

ಅಪ್ಪನ ಮುಖದ ಒಂದು ಬದಿ ನಕ್ಕಿತು. ಆಮೇಲೆ ನನ್ನನ್ನೇ ನೋಡಿ, "ಅಂದ್ರ ಶೋಕಿಗೆ," ಎಂದ. ನನಗೆ ಬೇರೆ ಶಬ್ದ ಹೊಳೆಯಲಿಲ್ಲ. "ಹೌದು, ಶೋಕಿಗೆ," ಎಂದೆ. ಅಪ್ಪ ಮೊಬೈಲನ್ನು ಬೋರಲು ಹಾಕಿ ಪಕ್ಕಕ್ಕಿಟ್ಟ.

ಗೋಡೆಗೆ ಒರಗಿ ಬಳ್ಳೊಳ್ಳಿ ಸುಲಿಯುತ್ತಿದ್ದ ಅವ್ವ ತಲೆ ಎತ್ತದೆ ಹೇಳಿದಳು. "ಶೋಕಿ ಅಲ್ಲ ಅದು. ಹೌಸು."

ನಮ್ಮ ಕಡೆ ಈ ಎರಡು ಶಬ್ದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಶೋಕಿ ಮಾಡುವವನು ಮಂದಿ ನೋಡಲಿ ಎಂದು ಮಾಡುತ್ತಾನೆ. ಹೌಸಿಗೆ ಮಾಡುವವನು ತನ್ನ ಜೀವಕ್ಕೆ ಬೇಕು ಎಂದು ಮಾಡುತ್ತಾನೆ. ಜನ ಹೋರಿ ಸಾಕುವುದು ಹೌಸಿಗೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ಸೀಮೆಯಲ್ಲಿ ಎಲ್ಲಿ ಹೋದರೂ ದೀಪಾವಳಿಯ ಹೊತ್ತಿಗೆ ಹೋರಿ ಬೆದರಿಸುವ ಹಬ್ಬ ಇರುತ್ತದೆ. ಕೊರಳಿಗೆ ಕೊಬ್ಬರಿಯ ಸರ ಕಟ್ಟಿ ಬಿಟ್ಟ ಹೋರಿ ಜನರ ನಡುವೆ ಓಡುತ್ತದೆ, ತಡೆದವರು ಕೊಬ್ಬರಿ ಹರಿದುಕೊಳ್ಳುತ್ತಾರೆ. ಅಲ್ಲಿ ತುಳಿತಕ್ಕೆ ಸಿಕ್ಕವರ ಸುದ್ದಿಯನ್ನೂ ನಾನು ಬರೆದಿದ್ದೇನೆ. ಅಂಥ ಹೋರಿಯನ್ನು ನೇಗಿಲಿಗೆ ಹೂಡುವುದಿಲ್ಲ. ಅದು ಹಿಂಡಿ, ಹತ್ತಿಕಾಳು ತಿಂದು, ಮೈ ತೊಳೆಸಿಕೊಂಡು ನಿಂತಿರುತ್ತದೆ.

ಅಪ್ಪ ಎಂದೂ ಹೋರಿ ಸಾಕಲಿಲ್ಲ. ಎತ್ತು ಕೊಳ್ಳುವಾಗ ಹಲ್ಲು, ಗೊರಸು, ಸುಳಿ ನೋಡಿ, ಒಂದು ಸಾಲು ಹೊಡೆಸಿ ನೋಡಿಯೇ ಕೊಳ್ಳುತ್ತಿದ್ದ ಮನುಷ್ಯ. ಆದರೆ ಹಬ್ಬ ನೋಡಲು ಊರೂರು ತಿರುಗುತ್ತಿದ್ದ. ನಾನು ಸಣ್ಣವಳಿದ್ದಾಗ ಹಿರೇಕೆರೂರಿನ ಕಡೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ಅಲ್ಲೊಬ್ಬರು ಬಿಳಿಯ ಎಳೆ ಹೋರಿಯೊಂದನ್ನು ಮಾರಲಿಕ್ಕಿದ್ದರು. ಅಪ್ಪ ಅದರ ಸುತ್ತ ತಿರುಗಿದ, ಬೆನ್ನ ಮೇಲೆ ಕೈಯಾಡಿಸಿದ, ಅದು ಮೈ ಅದುರಿಸಿದಾಗ ಕೈ ತೆಗೆಯದೆ ಹಾಗೇ ನಿಂತ. ಹಗ್ಗ ಕೈಗೆ ಕೊಡಲು ಬಂದಾಗ ಮಾತ್ರ ಹಿಂದೆ ಸರಿದು, "ಮನ್ಯಾಗ ಬ್ಯಾಡ ಅಂತಾರ್ರಿ," ಎಂದ.

ಅವ್ವನಿಗೆ ನೆನಪಿದ್ದದ್ದೂ ಅದೇ ಹೋರಿ.

"ಹಿರೇಕೆರೂರ ಕಡೆ ಬಿಳಿ ಹೋರಿ ನೋಡಿ ಬಂದಿದ್ರಲ್ಲ. ಯಾಕ ಬಿಟ್ಟು ಬಂದ್ರಿ?"

"ನೀ ಬ್ಯಾಡ ಅಂತಿದ್ದಿ."

"ನನ್ನ ಕೇಳಿದ್ರೇನು?"

ಅವ್ವ ಮೊರದಲ್ಲಿದ್ದ ಸಿಪ್ಪೆ ಊದಿದಳು. ಅಪ್ಪನೇ ಕೇಳಿದ. "ಕೇಳಿದ್ರ ಏನಂತಿದ್ದಿ?"

"ಬ್ಯಾಡ ಅಂತಿದ್ದೆ," ಎಂದಳು ಅವ್ವ. "ಹೂಡಾಕ ಬರಂಗಿಲ್ಲ, ಹಿಂಡಾಕ ಬರಂಗಿಲ್ಲ, ಇದನ್ನ ಯಾಕ ತಂದ್ರಿ ಅಂತಿದ್ದೆ. ನೀವು ಕಟಗೊಂಡ ಬರತಿದ್ರಿ. ನಾ ಬೈಕೋತ ಹಿಂಡಿ ಹಾಕತಿದ್ದೆ."

ವೈನಿ ಒಳಗೆ ಹೋದಳು. ಅಪ್ಪ ಎಡಗೈಯಿಂದ ಮೊಬೈಲು ತಿರುಗಿಸಿ ತೊಡೆಯ ಮೇಲೆ ಇಟ್ಟುಕೊಂಡ.

"ಬೀಜಕ್ಕ?" ಎಂದ, ಯಾರನ್ನೂ ನೋಡದೆ.

"ಅದರಾಗ ಬೀಜ ಎಂದಾರ ತೀರೈತೇನು? ತಗೊಳ್ರಿ."

ಎಡಗೈಯಿಂದ ಒತ್ತಬಹುದಿತ್ತು. ಅಪ್ಪ ಬಲಗೈಯನ್ನೇ ಎತ್ತಿ ತಂದ. ಬೆರಳು ಮೊದಲು ಗಿರಣಿಯ ಮೇಲೆ ಬಿತ್ತು, ಆಮೇಲೆ ಬೇಲಿಯ ಮೇಲೆ. ನಾನು ಕೈ ಮುಂದೆ ಮಾಡಿದೆ. ಅವ್ವ ಬೇಡವೆಂದು ಕಣ್ಣಲ್ಲೇ ತಡೆದಳು. ಕೊನೆಗೆ ಬೆರಳು ಕುದುರೆಯ ಮೇಲೆ ಕೂತಿತು. ಖರೇನ ಕೊಳ್ಳುತ್ತೀರಾ ಎಂದು ಆಟ ಇನ್ನೊಮ್ಮೆ ಕೇಳಿತು. ಅಪ್ಪ ಅದಕ್ಕೂ ತಾನೇ ಒತ್ತಿದ. ಕೂಡಿಟ್ಟದ್ದೆಲ್ಲ ಹೋಗಿ, ಕುದುರೆ ಹೊಳೆಯ ಕಡೆಯಿಂದ ನಡೆದು ಬಂದು ಕೊಟ್ಟಿಗೆಯ ಮುಂದೆ ನಿಂತಿತು. ಅಪ್ಪ ಬೆರಳನ್ನು ಅದರ ಬೆನ್ನ ಮೇಲೆ ಇಟ್ಟ. ಆಟದಲ್ಲಿ ಹಾಗೆ ಇಟ್ಟರೆ ಏನೂ ಆಗುವುದಿಲ್ಲ. ಬಹಳ ಹೊತ್ತು ತೆಗೆಯಲಿಲ್ಲ.

ಚಳಿಗಾಲದಲ್ಲಿ ಮೂರನೆಯದು ಬಂತು. ಬಲಗೈ ಪೂರ್ತಿ ನಿಂತುಹೋಯಿತು. ಮಾತು ಉಳಿಯಿತು, ಮೊದಲಿಗಿಂತ ನಿಧಾನವಾಗಿ. ಎಡಗೈಯಿಂದ ಆಡಲು ಅಪ್ಪ ಒಪ್ಪಲಿಲ್ಲ. ಆ ಆಟದಲ್ಲಿ ಬೆಳೆದ ಪೈರು ಒಣಗುವುದಿಲ್ಲ, ಹಕ್ಕಿ ಹಂದಿ ತಿನ್ನುವುದಿಲ್ಲ. ಗೋವಿನಜೋಳ ತೆನೆ ಬಿಟ್ಟು ಕಟಾವಿಲ್ಲದೆ ನಿಂತೇ ಇದೆ. ಅಲ್ಲಿ ಈಗ ನಡೆಯುವ ಕೆಲಸ ಒಂದೇ. ಬೆಳಿಗ್ಗೆ ಚಾ ಆದ ಮೇಲೆ ಅವ್ವ ಮೊಬೈಲು ತೆಗೆದು, ಕನ್ನಡಕ ಏರಿಸಿ, ಬೈಯುತ್ತ ಬೈಯುತ್ತ ಕುದುರೆಗೆ ಗಜ್ಜರಿ ಹಾಕುತ್ತಾಳೆ. ಆಮೇಲೆ ಅದನ್ನು ಅಪ್ಪನಿಗೆ ಕಾಣುವ ಹಾಗೆ ಗೂಡಿನಲ್ಲಿ, ಆ ರಬ್ಬರ್ ಚೆಂಡಿಗೆ ಆನಿಸಿ ನಿಲ್ಲಿಸುತ್ತಾಳೆ.

ಹೋದ ಭಾನುವಾರ ಅಪ್ಪನನ್ನು ಮಾತಾಡಿಸಲು ಪಕ್ಕದ ಮನೆಯವರು ಬಂದಿದ್ದರು. ಗೂಡಿನ ಕಡೆ ನೋಡಿ, "ಕುದುರಿ ಏನ್ ಮಾಡತೈತ್ರಿ ಕಾಕಾ?" ಎಂದು ಕೇಳಿದರು.

"ಏನೂ ಮಾಡಂಗಿಲ್ಲ," ಎಂದ ಅಪ್ಪ. ಶಬ್ದ ಕೂಡಿಸಿಕೊಳ್ಳಲು ತುಸು ಹೊತ್ತು ಹಿಡಿಯಿತು. "ಹೌಸಿಗೆ ಕಟ್ಟೀನಿ."