ಪರದೆಯ ಹಿಂದೆ ಎಲ್ಲರಿಗೂ ಒಂದೇ ಹೊತ್ತು

ಗುರುವಾರ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಟಿ. ನರಸೀಪುರ ತಾಲ್ಲೂಕಿನ ಒಂದು ಆರೋಗ್ಯ ಉಪಕೇಂದ್ರದಲ್ಲಿ ನರ್ಸ್ ಸರ್ವಮಂಗಳಾ ಹಳೆಯ ಸೀರೆಯೊಂದನ್ನು ತಂತಿಗೆ ಸಿಕ್ಕಿಸಿ ಪರದೆ ಕಟ್ಟುತ್ತಿದ್ದಾರೆ. ಬಾಗಿಲಾಚೆಯ ಬೆಂಚಿನ ಮೇಲೆ ಸಣ್ಣ ರೇಡಿಯೊ ಇಟ್ಟು ಆನ್ ಮಾಡುತ್ತಾರೆ. ಯಾರೋ ಭತ್ತದ ಬೆಂಕಿರೋಗದ ಬಗ್ಗೆ ಮಾತನಾಡುತ್ತಿದ್ದಾರೆ. ಪರದೆಯ ಹಿಂದೆ ನಿಂತು ಮೆಲ್ಲಗೆ ಏನಾದರೂ ಹೇಳುವಂತೆ, ಅವರ ಬಗ್ಗೆ ಬರೆಯಲು ಬಂದ ನನ್ನನ್ನು ಕೇಳಿ, ತಾವು ಬೆಂಚಿನ ಮೇಲೆ ಕೂತು ಕಿವಿಗೊಡುತ್ತಾರೆ. ಬರೀ ರೇಡಿಯೊ ಕೇಳಿಸಿದಾಗಲೇ ಅವರಿಗೆ ಸಮಾಧಾನ.

ಬಿಸಿಲು ಏರುವ ಹೊತ್ತಿಗೆ ಬಸುರಿಯರು ಬಂದು ಕೂರುತ್ತಾರೆ. ಸುತ್ತಲಿನ ಆರು ಹಳ್ಳಿಗಳಿಗೆ ಇವರೊಬ್ಬರೇ ನರ್ಸು. ತೂಕ, ಬಿ.ಪಿ., ಚುಚ್ಚುಮದ್ದು, ಕಬ್ಬಿಣದ ಮಾತ್ರೆ ಎಲ್ಲ ಆದಮೇಲೆ ಪರದೆಯ ಹಿಂದೆ ಇನ್ನೊಂದು ಪ್ರಶ್ನೆ ಇರುತ್ತದೆ. ಹೊಗೆಸೊಪ್ಪಿನ ಕಡ್ಡಿಪುಡಿ ಹಾಕುತ್ತೀಯಾ, ಅಗ್ಗದ ಮದ್ಯದ ಪ್ಯಾಕೆಟ್ಟಿನ ಅಭ್ಯಾಸ ಇದೆಯಾ ಎನ್ನುವುದು. ಹೆಂಗಸರು ಕುಡಿಯುವುದಿಲ್ಲ ಎಂದು ಊರು ನಂಬಿದೆ. ಗದ್ದೆ ಕೆಲಸ ಮುಗಿಸಿ ಬಂದವಳ ಸೊಂಟನೋವಿಗೆ ಒಂದು ಗುಟುಕು ಕೊಡುವುದೂ ಅದೇ ಊರು. ಎರಡರ ನಡುವೆ ಸಿಕ್ಕಿಕೊಂಡ ಹೆಂಗಸು ಬಾಯಿ ಬಿಡುವುದಿಲ್ಲ.

ಸರ್ವಮಂಗಳಾ ಹುಟ್ಟಿದ್ದು ನಂಜನಗೂಡಿನ ಕಡೆಯ ದೇವನೂರಿನಲ್ಲಿ. ತೊಂಬತ್ತೈದರಲ್ಲಿ ಕೆಲಸಕ್ಕೆ ಸೇರಿದಾಗ ಈ ಪ್ರಶ್ನೆಯನ್ನು ಸಾಲಿನಲ್ಲೇ, ಎಲ್ಲರೆದುರಿಗೇ ಕೇಳಿಬಿಟ್ಟಿದ್ದರು. ಮಂಚಮ್ಮ ಎಂಬಾಕೆ ನಕ್ಕು, 'ನಮ್ಮತ್ತೆ ನಂಗೆಲ್ಲಿ ಮಿಗುಸ್ತಾಳೆ?' ಎಂದಳಂತೆ. ಬೆಂಚೆಲ್ಲ ನಕ್ಕಿತು. ಮಂಚಮ್ಮ ಮತ್ತೆ ಬರಲಿಲ್ಲ. ಹೆರಿಗೆ ಮನೆಯಲ್ಲೇ ಆಯಿತು, ಮಗು ಉಳಿಯಲಿಲ್ಲ. 'ನಗಾಡ್ಕಂಡೇ ಒಂಟೋದ್ಲು' ಎಂದು ಹೇಳಿ ಸರ್ವಮಂಗಳಾ ಸಿರಿಂಜಿನ ಡಬ್ಬಿಯ ಮುಚ್ಚಳ ಸರಿ ಮಾಡುತ್ತಾರೆ.

ಪರದೆ ಬಂದದ್ದು ಆಮೇಲೆ. ಅದರಿಂದಲೂ ಒಂದು ತಪ್ಪಾಯಿತು. ಕುಡಿತದ ಅನುಮಾನ ಇದ್ದವರ ಜೊತೆ ಹೆಚ್ಚು ಹೊತ್ತು ಮಾತನಾಡುತ್ತಿದ್ದರು. ಊರು ಬೇಗ ಲೆಕ್ಕ ಹಾಕಿತು: ಒಳಗೆ ತಡವಾದವಳು ಕುಡಿಯುವವಳು. ಕಾಲು ಊದಿದ್ದಕ್ಕೆ ತಡವಾಗಿದ್ದ ಒಬ್ಬಾಕೆಗೆ ಗಂಡನಿಂದ ಏಟು ಬಿತ್ತು. ಅಂದಿನಿಂದ ಇವರು ಎಲ್ಲರನ್ನೂ ಒಂದೇ ಹೊತ್ತು ಒಳಗಿಟ್ಟುಕೊಳ್ಳುತ್ತಾರೆ. ಹೇಳುವುದಕ್ಕೆ ಏನೂ ಇಲ್ಲದವರೂ ಸುಮ್ಮನೆ ಕೂತು, ಮನೆಯ ಎಮ್ಮೆಯ ಸುದ್ದಿ ಹೇಳಿ ಹೊರಗೆ ಬರುತ್ತಾರೆ. ಸಾಲು ಮಧ್ಯಾಹ್ನ ದಾಟುತ್ತದೆ. ಬೈಗುಳ ತಪ್ಪುವುದಿಲ್ಲ.

ಕಳೆದ ವರ್ಷ ಆ ಪರದೆಯ ಹಿಂದೆ ರುದ್ರಾಣಿ ಬಂದು ಕೂತಳು. (ಅವಳ ಮತ್ತು ಮನೆಯವರ ಹೆಸರು ಬದಲಿಸಿದ್ದೇನೆ. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.) ಅವಳಿಗೆ ಐದು ತಿಂಗಳಾಗಿತ್ತು. ಮೊದಲ ಕೂಸು ಅಂಗೈಯಷ್ಟಿದ್ದು ತೀರಿಹೋಗಿತ್ತು. 'ಸಿಸ್ಟ್ರೇ, ಪ್ಯಾಕೆಟ್ ಇಲ್ದಿದ್ರೆ ಕೈ ನಡುಗ್ತದೆ. ಇದೂ ಓಗ್ಬುಡ್ತದಾ?' ಎಂದಳು.

ಹೊರಗಿದ್ದ ಅತ್ತೆ ಪುಟ್ಟಗೌರಮ್ಮ ತಡೆಯಲಾರದೆ ಪರದೆ ಎಳೆದರು.

'ಅದೇನವ್ವ ಅಷ್ಟೊತ್ತು ಗುಸುಗುಸು?'

'ಎಲ್ರಿಗೂ ಅಷ್ಟೇ ಹೊತ್ತು ಕಣಮ್ಮ. ಬನ್ನಿ, ನಿಮ್ ಬಿ.ಪಿ.ನೂ ನೋಡ್ಬುಡ್ತೀನಿ' ಎಂದು ಸರ್ವಮಂಗಳಾ ಸೊಸೆಯನ್ನು ಹೊರಗೆ ಕಳಿಸಿ, ಅತ್ತೆಯನ್ನು ಅಷ್ಟೇ ಹೊತ್ತು ಒಳಗೆ ಕೂರಿಸಿದರು. ಹೊರಬಂದ ಪುಟ್ಟಗೌರಮ್ಮ ಬೆಂಚಿಗೆ ಕೇಳುವಂತೆ, 'ಈ ವಯಸ್ನಲ್ಲಿ ನನ್ನೂ ಬಸ್ರಿ ಮಾಡ್ಬುಟ್ಳು' ಎಂದು ಗೊಣಗಿದರಂತೆ.

ಒಂದೇ ಸಲಕ್ಕೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಆಸ್ಪತ್ರೆಯಲ್ಲಿಟ್ಟೇ ಬಿಡಿಸಬೇಕು ಎಂದರು ತಾಲ್ಲೂಕು ಆಸ್ಪತ್ರೆಯ ವೈದ್ಯೆ. ರಕ್ತ ಕಡಿಮೆ ಎಂದು ಮನೆಯವರಿಗೆ ಹೇಳಿ ಮೈಸೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ರಕ್ತ ಕಡಿಮೆ ಇದ್ದದ್ದೂ ನಿಜವೇ. ಅಲ್ಲಿ ಕುಡಿತ ಬಿಡಿಸಿಕೊಂಡು ಬಂದ ಮೇಲೆ ರುದ್ರಾಣಿಯನ್ನು ಕಾಯುವುದು ಸರ್ವಮಂಗಳಾ ಪಾಲಿಗೆ ಬಂತು. ಅವಳು ಮತ್ತೆ ಕುಡಿಯಬಾರದು, ಹೆರಿಗೆಗೆ ಆಸ್ಪತ್ರೆಗೇ ಬರಬೇಕು. ಊರಲ್ಲಿ ಒಂದು ಮಾತು ಹುಟ್ಟಿದರೂ ಅವಳು ಮಂಚಮ್ಮನ ಹಾಗೆ ಮಾಯವಾಗುತ್ತಾಳೆ. ಆದ್ದರಿಂದ ಅವಳ ಮನೆಗೊಮ್ಮೆ ಹೋಗಬೇಕಾದರೆ ಸರ್ವಮಂಗಳಾ ಆ ಬೀದಿಯ ಎಲ್ಲ ಮನೆಗಳಿಗೂ ಹೋಗಿ ಕೂರುತ್ತಿದ್ದರು. ನಡುವೆ ಒಂದು ಸಲ ಅವಳು ಮತ್ತೆ ಕುಡಿದಳು. ಮುಖ ನೋಡಿದರೇ ಇವರಿಗೆ ತಿಳಿಯಿತು. ಬೈಯಲಿಲ್ಲ. 'ನಾಳೆ ಬಾ ಅಂದೆ. ಬಂದ್ಲು. ಅಷ್ಟೇಯ.'

ಇದನ್ನೆಲ್ಲ ಅವರು ಯಾರ ಹತ್ತಿರವೂ ಹೇಳಿಕೊಂಡವರಲ್ಲ. ಗಂಡ ಚಲುವಯ್ಯ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾರೆ, ಭಾನುವಾರ ಬರುತ್ತಾರೆ. 'ಏನ್ ಸಮಾಚಾರ ಅಂತಾರೆ. ಏನೂ ಇಲ್ಲ ಅಂತೀನಿ' ಎನ್ನುತ್ತಾರೆ ಸರ್ವಮಂಗಳಾ. ಊರಿನ ಹೆಂಗಸರೂ ದಾರಿಯಲ್ಲಿ ಅವರೊಡನೆ ನಿಂತು ಮಾತನಾಡುವುದಿಲ್ಲ. ನರ್ಸಮ್ಮನ ಜೊತೆ ಸಲಿಗೆ ಕಂಡರೆ ಯಾರೇನು ತಿಳಿದಾರೋ ಎಂಬ ಅಂಜಿಕೆ. ಕ್ವಾರ್ಟರ್ಸಿನಲ್ಲಿ ಎರಡು ಕುರ್ಚಿಗಳಿವೆ. ಒಂದರ ಮೇಲೆ ಒಗೆದ ಬಟ್ಟೆ ರಾಶಿ ಬಿದ್ದಿದೆ. ನನಗಾಗಿ ಅದನ್ನು ಅವಸರದಿಂದ ಎತ್ತಿಟ್ಟರು.

ಮಾಘದಲ್ಲಿ ರುದ್ರಾಣಿ ಆಸ್ಪತ್ರೆಗೆ ಬಂದು ಹೆತ್ತಳು. ಹೆಣ್ಣುಮಗು. ಬಾಣಂತಿಗೆ ಮೈ ಬೆಚ್ಚಗಿರಲೆಂದು ಕೊಡುವ ಬ್ರಾಂದಿಯನ್ನು ಪುಟ್ಟಗೌರಮ್ಮ ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದರು. ಈ ವಾರ್ಡಿನಲ್ಲಿ ಯಾವ ಬಾಣಂತಿಗೂ ಅದು ಕೂಡದು ಎಂದು ಜೊತೆಗೆ ಬಂದಿದ್ದ ಸರ್ವಮಂಗಳಾ ಸಾಲಿನ ಎಲ್ಲ ಮಂಚಗಳ ಬಳಿಯೂ ಹೇಳುತ್ತ ಬಂದರು. ಸೀಸೆ ಬಂದ ಹಾಗೆಯೇ ಮನೆಗೆ ಹೋಯಿತು.

ತೊಟ್ಟಿಲಿಗೆ ಹಾಕುವ ದಿನ ಬೀದಿಯನ್ನೆಲ್ಲ ಕರೆದರು. ಸರ್ವಮಂಗಳಾಗೆ ಕರೆ ಬರಲಿಲ್ಲ. ಬೇಸರವಾಯಿತೇ ಎಂದು ಕೇಳಿದೆ.

'ಕರ್ದಿದ್ರೆ ಯಾಕ್ ಕರುದ್ರು ಅಂತಿದ್ರು ಜನ. ಅವ್ಳು ಸರ್ಯಾಗೇ ಮಾಡುದ್ಲು ಕಣ್ರೀ' ಎಂದರು. ಆಮೇಲೆ ಸೇರಿಸಿದರು: 'ಆವತ್ತು ಆ ಕಡೆ ಪೋಲಿಯೋ ಹನಿ ಆಕಕ್ಕೆ ಓಗಿದ್ದೆ. ಬೀದಿ ತುದೀಲಿ ವಸಿ ನಿಂತ್ಕಂಡೆ. ಅಲ್ಲಿಗಂಟ ಕೇಳುಸ್ತಿತ್ತು ಮಗಾ ಅಳೋದು. ಏನ್ ಗಂಟ್ಲು ಅಂತೀರಿ ಅದುರ್ದು.'